ದೊಡ್ಡಮ್ಮನ ಹೆಬ್ಬೆಟ್ಟು, ಏರ್‌ಪೋರ್ಟಿನ ಗೇಟು

ಇವತ್ತು ರಾಜಕೀಯ ಬೇಡ. ಇವತ್ತು ಒಂದು ಹೆಬ್ಬೆಟ್ಟಿನ ಕಥೆ ಹೇಳ್ತೀನಿ. ಕಥೆ ಶುರುವಾಗೋದು ನಂದಗುಡಿಯಲ್ಲಿ. ನಡುವೆ ಬಂಗಾಳಕ್ಕೂ ದಕ್ಷಿಣ ಆಫ್ರಿಕಾಕ್ಕೂ ಹೋಗಿ ಬರುತ್ತೆ. ಮುಗಿಯೋದು ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ.

ಹೊಸಕೋಟೆ ತಾಲ್ಲೂಕಿನ ನಂದಗುಡಿಯಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಅರವತ್ತು ದಾಟಿದೆ. ಮದುವೆಗೆ ಮೊದಲು ವಿಜಯಪುರದಲ್ಲಿ ಕುದಿಯೋ ನೀರಿಗೆ ಕೈಯಿಟ್ಟು ರೇಷ್ಮೆ ನೂಲು ಬಿಚ್ಚಿದವರು. ಮದುವೆಯಾದ ಮೇಲೆ ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ಸುಣ್ಣ ಚೆಲ್ಲಿ, ಗೂಡು ಬಿಡಿಸಿ ಮಗನನ್ನು ಇಂಜಿನಿಯರ್ ಮಾಡಿದವರು. ಆ ಮಗ ಈಗ ವಿದೇಶದಲ್ಲಿ. ಮೊಮ್ಮಗಳು ಹುಟ್ಟಿದ್ದಾಳೆ. ನನಗೂ ಅದೇ ಕಡೆ ಕೆಲಸವಿತ್ತು. ದೊಡ್ಡಮ್ಮನನ್ನು ನಾನೇ ಕರೆದುಕೊಂಡು ಹೋಗೋದು ಅಂತ ತೀರ್ಮಾನವಾಯ್ತು.

ನಾನು ಸ್ವಲ್ಪ ಬುದ್ಧಿವಂತಿಕೆ ತೋರಿಸೋಕೆ ಹೋದೆ. ಕ್ಯೂನಲ್ಲಿ ಅವರು ಯಾಕೆ ನಿಲ್ಲಬೇಕು? ಈಗ ಗೇಟೇ ಪಾಸ್‌ಪೋರ್ಟ್ ನೋಡುತ್ತಲ್ಲ! ಕೇಂದ್ರ ಗೃಹ ಸಚಿವಾಲಯದ ‘ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ - ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ’ 2024ರ ಜೂನ್ 22ರಂದು ದೆಹಲಿಯಲ್ಲಿ ಶುರುವಾಯ್ತು. 2025ರ ಜನವರಿ 16ರಂದು ಬೆಂಗಳೂರೂ ಸೇರಿ ಇನ್ನೂ ಏಳು ನಿಲ್ದಾಣಗಳಿಗೆ ಬಂತು. ಭಾರತೀಯ ಪ್ರಜೆಗಳಿಗೆ, ಓಸಿಐ ಕಾರ್ಡ್ ಇರೋರಿಗೆ ಮಾತ್ರ. ಶುಲ್ಕ ಇಲ್ಲ. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬೇಕು. ಅದು ಪರಿಶೀಲನೆ ಆದ ಮೇಲೆ ಕರೆದ ಕಡೆ ಹೋಗಿ ಬೆರಳಚ್ಚು, ಮುಖದ ಚಿತ್ರ ಕೊಡಬೇಕು. ಒಮ್ಮೆ ನೋಂದಣಿಯಾದರೆ ಐದು ವರ್ಷ, ಅಥವಾ ಪಾಸ್‌ಪೋರ್ಟ್ ಅವಧಿ ಮುಗಿಯೋವರೆಗೆ, ಯಾವುದು ಮೊದಲೋ ಅದು.

ಬಹಳ ಜನ ಇದನ್ನ ಡಿಜಿಯಾತ್ರಾ ಜೊತೆ ಕಲಸಿಕೊಳ್ತಾರೆ. ಅದು ಬೇರೆ, ಇದು ಬೇರೆ. 2022ರ ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಬಂದ ಡಿಜಿಯಾತ್ರಾ ದೇಶದೊಳಗಿನ ಪ್ರಯಾಣದಲ್ಲಿ ನಿಮ್ಮನ್ನು ನಿಲ್ದಾಣದ ಒಳಗೆ ಬಿಡೋಕೆ. ಈ ಗೇಟು ನಿಮ್ಮನ್ನು ದೇಶದಿಂದ ಆಚೆ ಬಿಡೋಕೆ.

ಸರಿ, ಇಬ್ಬರದೂ ಅರ್ಜಿ ಹಾಕಿದೆ. ಬೆರಳು ಕೊಡೋ ದಿನ ನನ್ನದು ಎರಡು ನಿಮಿಷದಲ್ಲಿ ಮುಗೀತು. ದೊಡ್ಡಮ್ಮನದು? ಒತ್ತಿದರು, ಒರೆಸಿದರು, ಮತ್ತೆ ಒತ್ತಿದರು. ಹೆಬ್ಬೆಟ್ಟು ಆಯ್ತು, ತೋರುಬೆರಳು ಆಯ್ತು. ಯಂತ್ರ ಒಪ್ಪಲಿಲ್ಲ. ದೊಡ್ಡಮ್ಮ ನಕ್ಕರು. “ಏನ್ ಸಾಮಿ, ರೇಷನ್ ಅಂಗ್ಡೀಲೂ ಇಂಗೇ ಮಾಡ್ತದೆ. ನನ್ ಬೆಳ್ಳಲ್ಲಿ ಗೆರೆಗಳೇ ಇಲ್ವಂತೆ.”

ಅವರು ನಕ್ಕರು. ನನಗೆ ನಗು ಬರಲಿಲ್ಲ.

ನೋಡಿ, ಈ ಬೆರಳಚ್ಚು ಎಲ್ಲಿಂದ ಬಂತು ಗೊತ್ತಾ? ಲಂಡನ್ನಿಂದ ಅಲ್ಲ. ನಮ್ಮ ದೇಶದಿಂದಲೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಅನ್ನೋ ಬ್ರಿಟಿಷ್ ಅಧಿಕಾರಿ ರಾಜ್ಯಧರ ಕೋನಾಯ್ ಅನ್ನೋ ಗುತ್ತಿಗೆದಾರನ ಜೊತೆ ರಸ್ತೆ ಸಾಮಗ್ರಿಗೆ ಕರಾರು ಮಾಡಿಕೊಂಡ. ನಾಳೆ ಇವನು ‘ಈ ಸಹಿ ನಂದಲ್ಲ’ ಅಂದುಬಿಟ್ಟರೆ? ಅದಕ್ಕೇ ಅಂಗೈಗೆ ಮಸಿ ಬಳಿದು ಕರಾರಿನ ಹಿಂಭಾಗದಲ್ಲಿ ಒತ್ತಿಸಿಕೊಂಡ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಕಚೇರಿಯೇ ಬಂತು. ಹೆಸರು ಹೋಗಿದ್ದು ಪೊಲೀಸ್ ಅಧಿಕಾರಿ ಎಡ್ವರ್ಡ್ ಹೆನ್ರಿಗೆ. ತಲೆ ಓಡಿಸಿ ಲೆಕ್ಕ ಹಾಕಿದವರಲ್ಲಿ ಅಜೀಜುಲ್ ಹಕ್, ಹೇಮಚಂದ್ರ ಬೋಸ್ ಅನ್ನೋ ಇಬ್ಬರು ಭಾರತೀಯರಿದ್ದರು.

ಇದೇ ಹೆನ್ರಿಯನ್ನು ಬ್ರಿಟಿಷರು 1900ರಲ್ಲಿ ಪೊಲೀಸ್ ವ್ಯವಸ್ಥೆ ಕಟ್ಟೋಕೆ ದಕ್ಷಿಣ ಆಫ್ರಿಕಾಕ್ಕೆ ಕಳಿಸಿದರು. ಆರು ವರ್ಷ ಆದ ಮೇಲೆ, ಅದೇ ನೆಲದ ಟ್ರಾನ್ಸ್‌ವಾಲ್‌ನಲ್ಲಿ, ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಮಾಡಿಸಿಕೊಳ್ಳಬೇಕು, ಪೊಲೀಸ್ ಕೇಳಿದಾಗ ಚೀಟಿ ತೋರಿಸಬೇಕು ಅನ್ನೋ ಕಾನೂನಿನ ಕರಡು ಬಂತು. 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗ್‌ನ ಎಂಪೈರ್ ಥಿಯೇಟರ್‌ನಲ್ಲಿ ಭಾರತೀಯರು ಸೇರಿ, ಇದಕ್ಕೆ ತಲೆಬಾಗಲ್ಲ ಅಂತ ಪ್ರಮಾಣ ಮಾಡಿದರು. ಗಾಂಧೀಜಿ ಅಲ್ಲಿದ್ದರು. ಸತ್ಯಾಗ್ರಹ ಹುಟ್ಟಿದ್ದು ಹಾಗೆ, ವೀಕ್ಷಕರೇ. ಉಪ್ಪಿಗಿಂತ ಎಷ್ಟೋ ವರ್ಷ ಮೊದಲು, ಬೆರಳಚ್ಚಿನ ವಿಷಯಕ್ಕೆ!

ಆದರೆ ಕಥೆ ಅಷ್ಟು ಸಲೀಸಾಗಿಲ್ಲ. 1908ರ ಆರಂಭದಲ್ಲಿ ಜನರಲ್ ಸ್ಮಟ್ಸ್ ಜೊತೆ ರಾಜಿ ಆಯ್ತು. ನೀವಾಗಿ ನೀವೇ ನೋಂದಣಿ ಮಾಡಿಸಿಕೊಳ್ಳಿ, ಕಾನೂನು ತೆಗೀತೀವಿ ಅನ್ನೋ ಮಾತು. ಗಾಂಧೀಜಿ ಬೆರಳು ಕೊಡೋಕೆ ಹೊರಟರು. ಮೋಸ ಮಾಡಿದೆ ಅಂತ ನಮ್ಮವರೇ ಒಬ್ಬರು ದಾರಿಯಲ್ಲಿ ಅಡ್ಡಗಟ್ಟಿ ಹೊಡೆದರು. ಪೆಟ್ಟು ತಿಂದ ಮೇಲೂ ಅವರು ಬೆರಳು ಕೊಟ್ಟರು. ಅವರ ವಾದ ಸ್ಪಷ್ಟ. ಬಲವಂತವಾಗಿ ಕೊಟ್ಟರೆ ಅವಮಾನ, ಇಷ್ಟಪಟ್ಟು ಕೊಟ್ಟರೆ ಅಲ್ಲ. ಆದರೆ ಕಾನೂನು ಹೋಗಲಿಲ್ಲ. ಅದೇ ವರ್ಷ ಆಗಸ್ಟ್ 16ರಂದು ಸಾವಿರಾರು ಚೀಟಿಗಳಿಗೆ ಬೆಂಕಿ ಬಿತ್ತು.

ಇನ್ನು ಪಾಸ್‌ಪೋರ್ಟ್. 1914ರ ಮಹಾಯುದ್ಧಕ್ಕೆ ಮೊದಲು ಪ್ರಪಂಚದ ಬಹುಪಾಲು ಕಡೆ ಅದು ಕಡ್ಡಾಯವೇ ಇರಲಿಲ್ಲ. ಯುದ್ಧ ಬಂತು, ಗೂಢಚಾರರ ಭಯ ಬಂತು, ಪಾಸ್‌ಪೋರ್ಟ್ ಬಂತು. ಯುದ್ಧ ಹೋಯ್ತು, ಪಾಸ್‌ಪೋರ್ಟ್ ಉಳೀತು. ಭಾರತಕ್ಕೆ ಬರಲು ಪಾಸ್‌ಪೋರ್ಟ್ ಬೇಕು ಅನ್ನೋ ಬ್ರಿಟಿಷರ 1920ರ ಕಾಯ್ದೆ ನೂರು ವರ್ಷ ದಾಟಿ ಬದುಕಿತ್ತು. ಅದು ರದ್ದಾಗಿ ಹೊಸ ಕಾನೂನು ಜಾರಿಯಾಗಿದ್ದು 2025ರ ಸೆಪ್ಟೆಂಬರ್ 1ರಂದು.

ಸ್ವಾತಂತ್ರ್ಯ ಬಂದ ಮೇಲೂ ಇಪ್ಪತ್ತು ವರ್ಷ ಪಾಸ್‌ಪೋರ್ಟ್ ಕೊಡೋದು ಬಿಡೋದು ಸರ್ಕಾರದ ಮರ್ಜಿ ಅನ್ನೋ ಹಾಗೇ ನಡೀತು. ವಿದೇಶಕ್ಕೆ ಹೋಗೋದೂ ವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಹೇಳಿದ ನ್ಯಾಯಾಲಯಗಳಲ್ಲಿ ನಮ್ಮ ಮೈಸೂರು ಹೈಕೋರ್ಟೂ ಒಂದು. ಇದು ನಾವು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದ ವಿಷಯ. 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೂ ಬಹುಮತದಿಂದ ಅದನ್ನೇ ಹೇಳಿತು. ಕೆಲವೇ ವಾರಗಳಲ್ಲಿ ಸರ್ಕಾರ ಪಾಸ್‌ಪೋರ್ಟ್ ಕಾಯ್ದೆ ತರಬೇಕಾಯ್ತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ತಡೆಯೋದಾದರೆ ಆ ಕ್ರಮ ನ್ಯಾಯಯುತವಾಗಿರಬೇಕು, ಮನಸ್ಸಿಗೆ ಬಂದ ಹಾಗಲ್ಲ.

ಈಗ ನನ್ನ ಪ್ರಶ್ನೆ ಇಷ್ಟೇ. ಅಧಿಕಾರಿ ತಡೆದರೆ ಕಾರಣ ಕೇಳಬಹುದು. ಗೇಟು ತಡೆದರೆ ಯಾರನ್ನು ಕೇಳೋಣ?

ಹಾಗಂತ ನಾನು ಯಂತ್ರದ ವಿರೋಧಿ ಅಲ್ಲ. ಬೆಂಗಳೂರಿನಿಂದ ವಿದೇಶಕ್ಕೆ ಹೋಗೋರು ವರ್ಷ ವರ್ಷ ಹೆಚ್ಚುತ್ತಿದ್ದಾರೆ. ಮಧ್ಯರಾತ್ರಿ ಕ್ಯೂನಲ್ಲಿ ಮಗು ಎತ್ತಿಕೊಂಡು ನಿಂತ ತಾಯಂದಿರನ್ನು ನಾನೂ ನೋಡಿದ್ದೀನಿ. ಸಿಂಗಪುರದಲ್ಲಿ, ದುಬೈನಲ್ಲಿ, ಆಸ್ಟ್ರೇಲಿಯಾದಲ್ಲಿ ಇಂಥ ಗೇಟು ಹಳೇ ಮಾತು. ಗೇಟಿಗೆ ಹೋಗೋರು ಹೋದರೆ ಕೌಂಟರಿನ ಕ್ಯೂನೂ ಕಡಿಮೆಯಾಗುತ್ತೆ.

ನನ್ನ ತಕರಾರು ಇರೋದು ಆ ಹೆಸರಿನ ಮೇಲೆ. ‘ಟ್ರಸ್ಟೆಡ್ ಟ್ರಾವೆಲರ್’, ಅಂದರೆ ನಂಬಿಕಸ್ಥ ಪ್ರಯಾಣಿಕ. ಹಾಗಾದರೆ ಬೆರಳಿನ ಗೆರೆ ಸವೆದವರು ನಂಬಿಕಸ್ಥರಲ್ವಾ? ಯಾರ ಗೆರೆ ಸವೆಯುತ್ತೆ ಸ್ವಾಮಿ? ಕೀಬೋರ್ಡ್ ಒತ್ತೋರದ್ದಲ್ಲ. ಗಾರೆ ಕಲಸೋರದ್ದು, ಪಾತ್ರೆ ತಿಕ್ಕೋರದ್ದು, ರೇಷ್ಮೆ ಬಿಚ್ಚೋರದ್ದು. ಹಿಂದೆ ಓದು ಬರದವರನ್ನು ‘ಹೆಬ್ಬೆಟ್ಟು’ ಅಂತ ಹೀಗಳೆದೆವು. ಈಗ ಆ ಹೆಬ್ಬೆಟ್ಟೂ ಸಾಲದು ಅಂತೀವಿ.

ಪ್ರಯಾಣದ ದಿನ ಸೂಲಿಬೆಲೆ ಮೇಲೆ ದೇವನಹಳ್ಳಿಗೆ ಬಂದೆವು. ಎರಡನೇ ಟರ್ಮಿನಲ್. ನಾನು ಗೇಟಿಗೆ, ದೊಡ್ಡಮ್ಮ ಕೌಂಟರಿಗೆ. ಬೋರ್ಡಿಂಗ್ ಪಾಸು, ಪಾಸ್‌ಪೋರ್ಟು ತೋರಿಸಿದೆ, ಮುಖ ಕೊಟ್ಟೆ, ಬೆರಳಿಟ್ಟೆ. ಗೇಟು ತೆರೀತು. ಆಚೆ ನಿಂತು ಕಾದೆ.

ದೂರದಿಂದ ಕಾಣಿಸ್ತಿತ್ತು. ಕೌಂಟರಿನಲ್ಲಿ ಕೂತಿದ್ದ ಹೆಣ್ಣುಮಗಳು ಪಾಸ್‌ಪೋರ್ಟ್ ನೋಡಿದಳು, ದೊಡ್ಡಮ್ಮನ ಮುಖ ನೋಡಿದಳು, ಏನೋ ಕೇಳಿದಳು. ಇಬ್ಬರೂ ನಕ್ಕರು. ಮುದ್ರೆ ಬಿತ್ತು. ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಬಂದರು.

“ಏನ್ ಕೇಳಿದ್ರು ದೊಡ್ಡಮ್ಮ?”

“ಎಲ್ಲೋಯ್ತಿದ್ದೀಯಮ್ಮಾ ಅಂದ್ಲು. ಮೊಮ್ಮಗಳ್ನ ನೋಡಕ್ಕೆ ಅಂದೆ. ಉಸಾರಾಗ್ ಓಗ್ಬಾ ಅಂದ್ಲು. ನಿನ್ ಗೇಟು ಏನ್ ಕೇಳ್ತೋ?”

ನನ್ನ ಗೇಟು ಏನೂ ಕೇಳಿರಲಿಲ್ಲ.

ಸರ್ಕಾರಕ್ಕೆ ನನ್ನ ಮನವಿ ಎರಡೇ. ಒಂದು, ಈ ಗೇಟು ಇವತ್ತು ಇರೋ ಹಾಗೆ ಇಷ್ಟ ಇದ್ದವರಿಗೆ ಮಾತ್ರ ಇರಲಿ. 1908ರ ಪಾಠ ಅದೇ. ಎರಡು, ಗೇಟುಗಳು ಎಷ್ಟೇ ಹೆಚ್ಚಲಿ, ಪಕ್ಕದಲ್ಲಿ ಕನ್ನಡ ಬಲ್ಲ ಒಬ್ಬ ಮನುಷ್ಯ ಕೂತಿರೋ ಕೌಂಟರ್ ಇರಲೇಬೇಕು. ನಂದಗುಡಿಯ ದೊಡ್ಡಮ್ಮಂದಿರಿಗೂ ಮೊಮ್ಮಕ್ಕಳಿದ್ದಾರೆ.