ಪಂಚಮಹಾಶಬ್ದವೂ ರಾಜಾಜಿನಗರದ ತಮಟೆಯೂ

ಕಳೆದ ಕಾರ್ತಿಕಮಾಸದಲ್ಲಿ ರಾಜ್ಯೋತ್ಸವದ ಅಂಗವಾಗಿ ರಾಜಾಜಿನಗರದ ಮೈದಾನವೊಂದರಲ್ಲಿ ಚರ್ಮವಾದ್ಯದ ಮೇಳಗಳಿಗೆ ಸ್ಪರ್ಧೆಯೊಂದು ಏರ್ಪಟ್ಟಿತ್ತು. ಮಿತ್ರರೊಬ್ಬರ ಬಲವಂತಕ್ಕೆ ಕಟ್ಟುಬಿದ್ದು ನಾವೂ ಹೋಗಿ ಕುಳಿತೆವು. ಒಟ್ಟು ಏಳು ಮೇಳಗಳು ಬಂದಿದ್ದುವು: ಡೊಳ್ಳಿನವು ಮೂರು, ತಮಟೆಯವು ಎರಡು, ನಗಾರಿಯದೊಂದು, ಶಾಲೆಯ ಬಾಲಕರ ಬ್ಯಾಂಡು ಒಂದು. ಒಂದೊಂದಕ್ಕೆ ಎಂಟು ನಿಮಿಷಗಳ ಅವಕಾಶ. ನಾದಕ್ಕೆ, ಲಯಕ್ಕೆ, ಕುಣಿತಕ್ಕೆ, ವೇಷಕ್ಕೆ ಬೇರೆ ಬೇರೆ ಅಂಕಗಳು. ಕಂಡುದನ್ನು ಈ ಪತ್ರಿಕೆಗೆ ಬರೆದುಕೊಡುವುದಾಗಿ ಒಪ್ಪಿದ್ದೆವು. ಆದರೆ ಬರೆಯಲು ಕುಳಿತಾಗ ಆ ಸಂಜೆಯ ಒಂದು ಸಣ್ಣ ಪ್ರಸಂಗವು ನಮ್ಮನ್ನು ಹಳೆಯ ಶಾಸನಗಳ ಕಡೆಗೆ ಎಳೆದುಕೊಂಡು ಹೋಯಿತು. ವಿಮರ್ಶೆಯನ್ನು ನಿರೀಕ್ಷಿಸಿದ ವಾಚಕರು ಕ್ಷಮಿಸಬೇಕು.

ಮೊದಲು ಡೊಳ್ಳಿನ ಮಾತು. ಡೊಳ್ಳು ಹಾಲುಮತದ ಕುರುಬರ ಆರಾಧ್ಯದೈವವಾದ ಬೀರೇದೇವರ ಸೇವೆಯ ವಾದ್ಯ. ಮರದ ದೊಡ್ಡ ಹೊಳವಿಗೆ ಎರಡು ಕಡೆಯಲ್ಲಿಯೂ ಚರ್ಮವನ್ನು ಮುಚ್ಚಿ, ಹಗ್ಗದಿಂದ ಬಿಗಿದು, ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ಬರಿಯ ಅಂಗೈ, ಹೀಗೆ ಬಾರಿಸತಕ್ಕದ್ದು. ಅದರ ತವರು ಶಿವಮೊಗ್ಗ, ದಾವಣಗೆರೆ, ಹಾವೇರಿಗಳ ಕಡೆಯದು ಮತ್ತು ಅದರಾಚೆಯ ಉತ್ತರದ ಸೀಮೆ. ಅಂದು ಬಂದ ಮೂರು ಮೇಳಗಳಲ್ಲಿ ಒಂದು ಹೆಣ್ಣುಮಕ್ಕಳದು. ಅಷ್ಟು ಭಾರದ ವಾದ್ಯವನ್ನು ಹೆಗಲಿಗೆ ಹಾಕಿಕೊಂಡು ಅವರು ಸುತ್ತು ತಿರುಗಿ, ಕುಳಿತು, ಎದ್ದು, ಒಂದು ಪೆಟ್ಟನ್ನೂ ಜಾರಗೊಡದೆ ನಿಂತಾಗ ಮೈದಾನವೆಲ್ಲ ಎದ್ದು ನಿಂತಿತು. ಮೊದಲನೆಯ ಬಹುಮಾನ ಅವರಿಗೆ ಬಂದುದರಲ್ಲಿ ನಮ್ಮ ತಕರಾರೇನೂ ಇಲ್ಲ. ಉಳಿದೆರಡು ಡೊಳ್ಳಿನ ಮೇಳಗಳು ಒಬ್ಬರ ಮೇಲೊಬ್ಬರು ನಿಂತು ಗೋಪುರ ಕಟ್ಟುವುದರಲ್ಲಿಯೇ ಕಾಲವನ್ನು ಕಳೆದುವು. ನೋಟ ಚೆನ್ನಾಗಿತ್ತು, ಕೇಳ್ವೆಗೆ ಹೆಚ್ಚೇನೂ ಸಿಕ್ಕಲಿಲ್ಲ. ನಗಾರಿಯವರು ಗಂಭೀರವಾಗಿ ಬಾರಿಸಿ ಬೇಗನೆ ಮುಗಿಸಿದರು.

ಬಾಲಕರ ಬ್ಯಾಂಡನ್ನು ಕುರಿತು ಒಂದು ಮಾತು ಹೇಳಬೇಕು. ಸಾಲಾಗಿ ನಡೆದು, ಸನ್ನೆಗೆ ನಿಂತು, ಸನ್ನೆಗೆ ತಿರುಗುವ ಈ ಬಗೆಯ ವಾದನ ಬೆಂಗಳೂರಿಗೆ ಬಂದದ್ದು ದಂಡಿನ ಜೊತೆಯಲ್ಲಿ. 1809ರಲ್ಲಿ ಪೇಟೆಯ ಪೂರ್ವಕ್ಕೆ ಕಂಟೋನ್ಮೆಂಟು ನೆಲೆಗೊಂಡಿತು. ಅಲ್ಲಿ ಬ್ಯೂಗಲು, ಸೈಡುಡ್ರಮ್ಮು. ಇಲ್ಲಿ ಪಶ್ಚಿಮಕ್ಕೆ, ಮಾಗಡಿ ರಸ್ತೆ ಮೈಸೂರು ರಸ್ತೆಗಳ ಇಕ್ಕೆಲದ ಹಳ್ಳಿಗಳಲ್ಲಿ, ತಮಟೆ. ರಾಜಾಜಿನಗರವಾದರೋ ಅಂದು ಗವರ್ನರ್ ಜನರಲ್ ಆಗಿದ್ದ ರಾಜಾಜಿಯವರ ಹೆಸರಿನಲ್ಲಿ 1949ರಲ್ಲಿ ಹುಟ್ಟಿದ ಬಡಾವಣೆ. ಅದಕ್ಕೆ ಮುಂಚೆ ಇಲ್ಲಿ ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಅಗ್ರಹಾರ ದಾಸರಹಳ್ಳಿ ಮೊದಲಾದ ಊರುಗಳಿದ್ದುವು. ಹೊಲಗಳು ಮನೆಗಳಾದುವು, ಊರುಗಳ ಹೆಸರು ಬಸ್ಸಿನ ನಿಲ್ದಾಣಗಳಲ್ಲಿ ಉಳಿಯಿತು. ಇಂಥ ಹಳೆಯ ಊರುಗಳ ಗ್ರಾಮದೇವತೆಯ ಜಾತ್ರೆಗೆ ಇಂದಿಗೂ ತಮಟೆಯೇ ಬೇಕು. ಆದುದರಿಂದ ಆ ಮೈದಾನದಲ್ಲಿ ಡೊಳ್ಳು ಅತಿಥಿ, ಬ್ಯಾಂಡು ಪರದೇಶಿ, ಮನೆಯವಳು ತಮಟೆ.

ಆ ಮನೆಯವಳಿಗೆ ಅಂದು ನಡೆದ ಉಪಚಾರವೇ ನಾವು ಹೇಳಹೊರಟ ಪ್ರಸಂಗ. ತಮಟೆಯೆಂದರೆ ಮರದ ಅಥವಾ ಕಬ್ಬಿಣದ ಒಂದು ಬಳೆ, ಅದರ ಒಂದೇ ಮುಖಕ್ಕೆ ಬಿಗಿದ ತೊಗಲು. ಬಲಗೈಯಲ್ಲಿ ಗಿಡ್ಡನೆಯ ದಪ್ಪ ಕಡ್ಡಿ, ಎಡಗೈಯಲ್ಲಿ ಉದ್ದನೆಯ ಬಿದಿರ ಸೀಳು. ಡೊಳ್ಳಿಗಿರುವಂತೆ ಇದಕ್ಕೆ ಎಳೆದು ಬಿಗಿಯುವ ಹಗ್ಗವಿಲ್ಲ. ಬಿಗಿ ಬರಬೇಕಾದರೆ ಬೆಂಕಿಯೇ ಗತಿ. ಒಣಹುಲ್ಲನ್ನೋ ಹಳೆಯ ಕಾಗದವನ್ನೋ ಹೊತ್ತಿಸಿ, ತೊಗಲನ್ನು ಜ್ವಾಲೆಯ ಮೇಲೆ ಸುತ್ತಿಸಿ, ಬೆರಳಿನಿಂದ ಮೀಟಿ ನೋಡಿ, ಮತ್ತೆ ಕಾಯಿಸಿ ಹದಕ್ಕೆ ತರುವರು. ಮಂಜು ಬಿದ್ದ ಸಂಜೆ ಈ ಹದ ಸ್ವಲ್ಪ ಹೊತ್ತಿನಲ್ಲಿಯೇ ಇಳಿದುಹೋಗುತ್ತದೆ. ಬೆಂಗಳೂರಿನ ಕಾರ್ತಿಕದ ಸಂಜೆ ಎಂಥದೆಂಬುದನ್ನು ವಾಚಕರು ಬಲ್ಲರು. ಮೊದಲನೆಯ ತಮಟೆ ಮೇಳದವರು ತಮ್ಮ ಸರದಿಗೆ ಮುಂಚೆ ವೇದಿಕೆಯ ಹಿಂದುಗಡೆ ನಾಲ್ಕು ಹಾಳೆ ಕಾಗದಕ್ಕೆ ಕಡ್ಡಿ ಗೀರಿದರೋ ಇಲ್ಲವೋ, ಸ್ವಯಂಸೇವಕರಿಬ್ಬರು ಓಡಿಬಂದು ಅದನ್ನು ತುಳಿದು ಆರಿಸಿದರು. ಶಾಮಿಯಾನ ಹತ್ತಿರವಿತ್ತು; ಮೈದಾನದಲ್ಲಿ ಬೆಂಕಿ ಕೂಡದೆಂಬ ನಿಯಮವಿತ್ತು. ನಿಯಮ ತಪ್ಪೆಂದು ಯಾರೂ ಹೇಳಲಾರರು. ಆದರೆ ಏಳು ಮೇಳಗಳಲ್ಲಿ ಆ ನಿಯಮ ತಾಗಿದ್ದು ಒಂದಕ್ಕೇ. ಎರಡನೆಯ ತಮಟೆ ಮೇಳದವರು ತೊಗಲಿನ ಬದಲು ಪ್ಲಾಸ್ಟಿಕ್ಕಿನ ಹಾಳೆಯನ್ನು ಬಿಗಿದುಕೊಂಡು ಬಂದಿದ್ದರು. ಅವರಿಗೆ ಮಂಜೂ ಇಲ್ಲ, ಬೆಂಕಿಯೂ ಬೇಡ.

ಮೊದಲಿನವರು ಹದವಿಳಿದ ತಮಟೆಗಳನ್ನೇ ಹಿಡಿದು ಏರಿದರು. ಅವರ ಹೆಜ್ಜೆ, ಅವರ ಲೆಕ್ಕ, ಒಬ್ಬನು ಎತ್ತಿದ ನಡೆಯನ್ನು ಇನ್ನೊಬ್ಬನು ಒಡೆದು ಮತ್ತೊಬ್ಬನ ಕೈಗೆ ಕೊಡುವ ಆ ಜಾಣ್ಮೆ, ಇವು ಅಂದಿನ ಯಾವ ಮೇಳದಲ್ಲಿಯೂ ಇರಲಿಲ್ಲ. ನಾದ ಮಾತ್ರ ಒದ್ದೆ ಚಾಪೆಯನ್ನು ಬಡಿದಂತೆ ಬಂದಿತು.

ಇಲ್ಲಿ ನಮಗೆ ನೆನಪಾದುದು ಪಂಚಮಹಾಶಬ್ದದ ಮಾತು. ಕನ್ನಡ ಶಾಸನಗಳನ್ನು ಓದಿದವರಿಗೆ 'ಸಮಧಿಗತ ಪಂಚಮಹಾಶಬ್ದ' ಎಂಬ ಬಿರುದು ಹೊಸದಲ್ಲ. ಐದು ಮಹಾಶಬ್ದಗಳನ್ನು ಪಡೆದವನು ಎಂದು ಅದರ ಅರ್ಥ. ಹೊಯ್ಸಳರು ಕಲ್ಯಾಣದ ಚಾಳುಕ್ಯರಿಗೆ ನಡೆದುಕೊಳ್ಳುತ್ತಿದ್ದ ಕಾಲದ ಶಾಸನಗಳಲ್ಲಿ ಮಹಾಮಂಡಳೇಶ್ವರ, ದ್ವಾರಾವತೀಪುರವರಾಧೀಶ್ವರ ಎಂಬ ಬಿರುದುಗಳ ಜೊತೆಗೆ ಇದು ಬರುತ್ತದೆ. ಸವದತ್ತಿಯ ರಟ್ಟರು, ಗೋವೆ ಹಾನಗಲ್ಲುಗಳ ಕದಂಬರು ಇದನ್ನು ಧರಿಸಿದ್ದರು. ಸಾರ್ವಭೌಮನು ಮೆಚ್ಚಿ ಸಾಮಂತನಿಗೆ ಕೊಡತಕ್ಕ ಮರ್ಯಾದೆಯಿದು. ಕಾಶ್ಮೀರದಲ್ಲಿ ಈ ಪದಕ್ಕೆ ಅರ್ಥವೇ ಬೇರೆ: ಕಲ್ಹಣನ ರಾಜತರಂಗಿಣಿಯ ಪ್ರಕಾರ ಲಲಿತಾದಿತ್ಯನು ಏರ್ಪಡಿಸಿದ, 'ಮಹಾ' ಎಂಬ ಮಾತಿನಿಂದ ಮೊದಲಾಗುವ ಐದು ಅಧಿಕಾರಪದವಿಗಳಿಗೆ ಅಲ್ಲಿ ಆ ಹೆಸರು. ಕರ್ನಾಟಕದ ಮಟ್ಟಿಗೆ ಶಬ್ದವೆಂದರೆ ಶಬ್ದವೇ, ವಾದ್ಯದ ನಾದವೇ, ಎಂಬುದನ್ನು ಕಾಶೀನಾಥ ಬಾಪೂಜಿ ಪಾಠಕರು ನಿಜಗುಣ ಶಿವಯೋಗಿಗಳ ವಿವೇಕಚಿಂತಾಮಣಿಯ ಆಧಾರದಿಂದ ತೋರಿಸಿಕೊಟ್ಟರು. ಶಾಸನಜ್ಞ ಫ್ಲೀಟರೂ ಅದನ್ನು ಎತ್ತಿ ಹೇಳಿದ್ದಾರೆ. ಆ ಐದು ಯಾವುವು? ಶೃಂಗ, ತಮ್ಮಟ, ಶಂಖ, ಭೇರಿ, ಜಯಘಂಟೆ.

ಎರಡನೆಯದನ್ನು ವಾಚಕರು ಇನ್ನೊಮ್ಮೆ ಓದಬೇಕು. ಕೊಂಬು, ಶಂಖ, ಭೇರಿ, ಗಂಟೆಗಳ ನಡುವೆ, ಮಹಾಶಬ್ದವೆಂಬ ಹೆಸರಿನಲ್ಲಿ, ತಮ್ಮಟ. ಕೆಲವು ಸಾಮಂತರು ಇದರ ನಾದವಿಲ್ಲದೆ ತಮ್ಮ ಪದವಿಯನ್ನು ಹೇಳಿಕೊಳ್ಳಲಾರದ ಕಾಲವೊಂದಿತ್ತೆಂದಾಯಿತು. ಅದೇ ಮಾತು ಇಂದಿನ ನಾಲಗೆಯಲ್ಲಿ ತಮಟೆ. ವಾದ್ಯದ ಬಳೆಯ ಅಳತೆ, ತೊಗಲಿನ ಜಾತಿ ಕಾಲಕಾಲಕ್ಕೆ ಬದಲಾಗಿರಬಹುದು, ಹೆಸರು ಬದಲಾಗಿಲ್ಲ.

ಮಹಾಶಬ್ದವು ಕೇರಿಯ ಶಬ್ದವಾದುದು ಹೇಗೆ? ರಾಜರ ಬಿರುದು ರಾಜರೊಡನೆ ಹೋಯಿತು. ಬಾರಿಸುವವನ ದುಡಿಮೆ ಮಾತ್ರ ಹಳ್ಳಿಯಲ್ಲಿ ಉಳಿಯಿತು. ಆಯಗಾರರ ಏರ್ಪಾಟಿನಲ್ಲಿ ತೋಟಿಯು ಡಂಗುರ ಸಾರಬೇಕು, ಕಂದಾಯಕ್ಕೆ ಕರೆಯಬೇಕು, ಸಾವಿನ ಸುದ್ದಿ ಒಯ್ಯಬೇಕು. ದಲಿತ ಮನೆಗಳವರು ಜಾತ್ರೆಯಲ್ಲಿ ದೇವರ ಮುಂದೆ ಬಡಿಯಬೇಕು, ಆದರೆ ಗುಡಿಯೊಳಕ್ಕೆ ಹೋಗಕೂಡದು. ಸತ್ತ ದನದ ತೊಗಲನ್ನು ಸುಲಿದು ಹದಮಾಡುವವನೇ ಅದನ್ನು ಬಾರಿಸುವವನೂ ಆದುದರಿಂದ, ತೊಗಲಿಗೆ ಅಂಟಿದ ಮೈಲಿಗೆಯನ್ನು ಊರು ಬಾರಿಸುವವನ ಕೈಗೂ ಅಂಟಿಸಿತು. ಡೊಳ್ಳಿನ ತೊಗಲೂ ತೊಗಲೇ, ಮೃದಂಗದ ತೊಗಲೂ ತೊಗಲೇ. ಅವಕ್ಕೆ ಈ ಮೈಲಿಗೆ ಇಲ್ಲವೆಂಬುದನ್ನು ಗಮನಿಸಿದರೆ ಮಾತು ತೊಗಲಿನದಲ್ಲವೆಂದು ತಾನೇ ಗೊತ್ತಾಗುವುದು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆ ತೆಗೆದುಹಾಕಿತು. ರೂಢಿ ಅಷ್ಟು ಬೇಗ ಹೋಗಲಿಲ್ಲ. ಸ್ವಾಭಿಮಾನಿಗಳಾದ ಹಲವರು ಇನ್ನು ತಮಟೆಯನ್ನು ಮುಟ್ಟೆವೆಂದು ಶಪಥಮಾಡಿ ಬಿಟ್ಟರು; ಅವರನ್ನು ಕಲೆಯ ದ್ರೋಹಿಗಳೆನ್ನಲು ನಮಗೆ ಬಾಯಿ ಬಾರದು. ಇನ್ನು ಕೆಲವರು ಅದನ್ನೇ ಎತ್ತಿ ಹಿಡಿದರು. 1970ರ ದಶಕದಿಂದೀಚೆಗೆ ದಲಿತ ಚಳವಳಿಯ ಸಭೆಗಳಲ್ಲಿ ಹಾಡಿನೊಡನೆ ತಮಟೆ ಮೊಳಗಿತು. ಆ ಹಾಡುಗಳನ್ನು ಬರೆದವರಲ್ಲಿ ಮುಖ್ಯರಾದ ಸಿದ್ಧಲಿಂಗಯ್ಯನವರು ಇದೇ ಪಶ್ಚಿಮ ದಿಕ್ಕಿನವರು: ಹುಟ್ಟಿದ್ದು ಮಾಗಡಿ ತಾಲ್ಲೂಕಿನ ಮಂಚನಬೆಲೆ, ಬೆಳೆದದ್ದು ರಾಜಾಜಿನಗರಕ್ಕೆ ಹತ್ತಿರದ ಶ್ರೀರಾಮಪುರ. 2023ರಲ್ಲಿ ಚಿಕ್ಕಬಳ್ಳಾಪುರದ ಕಡೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಯ ಸಲುವಾಗಿ ಪದ್ಮಶ್ರೀ ಬಂದಿತು. ಸಮಧಿಗತ ಪಂಚಮಹಾಶಬ್ದರೆಂದು ಯಾರನ್ನಾದರೂ ಇಂದು ಕರೆಯಬಹುದಾದರೆ ಅದು ಅವರನ್ನೇ.

ಸ್ಪರ್ಧೆಗಳಿಂದ ಜನಪದ ವಾದ್ಯಗಳಿಗೆ ಉಪಕಾರವಾಗಿಲ್ಲವೆಂದು ನಾವು ಹೇಳುವುದಿಲ್ಲ. ಎಚ್. ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತನ್ನು ಕಟ್ಟಿ, ಕೆಂಗೇರಿ ಬಿಡದಿಗಳನ್ನು ದಾಟಿದ ಮೇಲೆ ರಾಮನಗರದ ಬಳಿ 1994ರಲ್ಲಿ ಜಾನಪದ ಲೋಕವನ್ನು ತೆರೆದ ಮೇಲೆ, ಓದಿದ ಮನೆತನಗಳವರೂ ಈ ವಾದ್ಯಗಳ ಮುಂದೆ ಕುಳಿತು ಕೇಳುವುದನ್ನು ಕಲಿತರು. ಆದರೆ ಎಂಟು ನಿಮಿಷದ ಅಳತೆಗೆ, ದೂರದಿಂದ ಕಾಣುವ ವೇಷಕ್ಕೆ, ಶಾಮಿಯಾನದ ಭಯಕ್ಕೆ ತಕ್ಕಂತೆ ವಾದ್ಯವೇ ಬದಲಾಗತೊಡಗಿದರೆ ಹೇಗೆ? ಅಂದು ಎರಡನೆಯ ಬಹುಮಾನ ಪ್ಲಾಸ್ಟಿಕ್ಕಿನ ಮೇಳಕ್ಕೆ ಬಂದಿತು. ತೊಗಲಿನವರ ಹೆಸರನ್ನು ಕೂಗಲೇ ಇಲ್ಲ. ಮುಂದಿನ ವರ್ಷ ಅವರೂ ಪ್ಲಾಸ್ಟಿಕ್ಕನ್ನು ಬಿಗಿದುಕೊಂಡು ಬಂದರೆ ತಪ್ಪು ಯಾರದು? ಮೈದಾನದ ಮೂಲೆಯಲ್ಲಿ ಒಂದು ಬಾಣಲೆಯಷ್ಟು ಕೆಂಡ, ಪಕ್ಕದಲ್ಲಿ ಒಂದು ಕೊಡ ನೀರು, ಕಾಯಲು ಒಬ್ಬ ಆಳು: ಇಷ್ಟನ್ನು ಒದಗಿಸುವುದು ಯಾವ ಸಮಿತಿಗೂ ಭಾರವಾಗಲಾರದು.

ಸಭೆ ಮುಗಿದು ಕೆಂಗೇರಿಯ ಬಸ್ಸಿಗಾಗಿ ನಾವು ರಸ್ತೆಗೆ ಬಂದಾಗ ಗೇಟಿನ ಹೊರಗೆ, ಚರಂಡಿಯ ಪಕ್ಕದಲ್ಲಿ, ಬೆಂಕಿ ಕಂಡಿತು. ಸೋತ ಮೇಳದವರು ಸ್ಪರ್ಧೆಯ ಕರಪತ್ರಗಳನ್ನೇ ಗುಡ್ಡೆಹಾಕಿ ಹೊತ್ತಿಸಿ ತಮಟೆಗಳನ್ನು ಕಾಯಿಸುತ್ತಿದ್ದರು. ಇನ್ನೇಕೆ ಕಾಯಿಸುವಿರಿ ಎಂದು ಕೇಳಿದುದಕ್ಕೆ, ಅವರಲ್ಲಿ ಹಿರಿಯನು ತಲೆಯೆತ್ತದೆ, "ಹಂಗೇ ತಗೊಂಡೋದ್ರೆ ತೊಗಲು ಕೆಡ್ತದೆ ಸ್ವಾಮಿ" ಎಂದನು. ಅನಂತರ ಬೆರಳಿನಿಂದ ಮೀಟಿ, ಹದ ಬಂದಿತೆಂದು ತೋರಿದ ಮೇಲೆ, ಕಡ್ಡಿಯನ್ನು ತೆಗೆದುಕೊಂಡು ಒಂದು ನಡೆಯನ್ನು ಬಾರಿಸಿದನು. ಎದುರು ಸಾಲಿನ ಮನೆಗಳ ಮಹಡಿಯಲ್ಲಿ ಒಂದೊಂದಾಗಿ ಕಿಟಕಿಗಳು ತೆರೆದುವು. ನಮ್ಮ ಬಸ್ಸು ಬಂದು ಹೋಯಿತು. ನಾವು ಮುಂದಿನದಕ್ಕೆ ನಿಂತೆವು.