ಓಣಿ: ಎರಡು ಗೋಡೆಗಳ ನಡುವಿನ ಮಾತು

ಓಣಿ ಎಂದರೆ ಎರಡೂ ಬದಿ ಕಟ್ಟಿಕೊಂಡ ಕಿರುದಾರಿ. ಬದಿಗೆ ಮಣ್ಣಿನ ದಿಬ್ಬವಿರಬಹುದು, ಬೇಲಿ ಇರಬಹುದು, ಮನೆಗಳ ಗೋಡೆ ಇರಬಹುದು. ಏನೋ ಒಂದು ಎದ್ದು ನಿಂತಿರಲೇಬೇಕು. ಬಯಲಿನಲ್ಲಿ ಹಾಯುವ ಕಾಲುದಾರಿ ಎಷ್ಟೇ ಕಿರಿದಾಗಿದ್ದರೂ ಅದನ್ನು ಯಾರೂ ಓಣಿ ಎನ್ನುವುದಿಲ್ಲ. ಈ ಒಂದು ಲಕ್ಷಣವೇ ಪದದ ಇತಿಹಾಸಕ್ಕೆ ಕೀಲಿ. ದಾರಿ, ರಸ್ತೆ ಎಂಬ ಮಾತುಗಳು ನಡೆಯುವವನ ಕಡೆಯಿಂದ ಹುಟ್ಟಿದವು. ಓಣಿ ಎಂಬುದು ಅಕ್ಕಪಕ್ಕ ನಿಂತಿರುವುದರ ಕಡೆಯಿಂದ ಹುಟ್ಟಿದ ಮಾತು.

ಪದದ ಹಳೆಯ ಚಹರೆ ಇಂದಿಗೂ ಉಳಿದಿರುವುದು ಕರಾವಳಿ ಮತ್ತು ಮಲೆನಾಡಿನಲ್ಲಿ. ತುಳುವಿನಲ್ಲೂ ಅಲ್ಲಿನ ಕನ್ನಡದಲ್ಲೂ ಓಣಿ ಎಂದರೆ ಎರಡು ಹಿತ್ತಿಲುಗಳ ಅಥವಾ ಎರಡು ದಿಬ್ಬಗಳ ನಡುವೆ ತಗ್ಗಿನಲ್ಲಿ ಸಾಗುವ ಹಾದಿ. ಜನ, ದನ ತಲೆಮಾರುಗಳಿಂದ ತುಳಿದು ತುಳಿದು ನೆಲ ತಗ್ಗಾಗಿದೆ. ಮಳೆಗಾಲದಲ್ಲಿ ಅದೇ ಹಾದಿ ನೀರಿನ ಕಾಲುವೆಯಾಗಿ ಇನ್ನಷ್ಟು ಕೊರೆದುಹೋಗಿದೆ. ಅಲ್ಲಿ ಮನೆಗಳು ಒಂದಕ್ಕೊಂದು ದೂರ. ಒಬ್ಬರ ತೋಟ ಮುಗಿದು ಇನ್ನೊಬ್ಬರದು ಶುರುವಾಗುವ ಗಡಿಯೇ ಓಣಿ. ಹಾಗಾಗಿ ಆ ಸೀಮೆಯಲ್ಲಿ ಓಣಿಯಲ್ಲಿ ನಡೆಯುತ್ತಾರೆ, ಆದರೆ ಓಣಿಯಲ್ಲಿ ವಾಸ ಮಾಡುವುದಿಲ್ಲ.

ಘಟ್ಟ ದಾಟಿ ಧಾರವಾಡ, ಗದಗ, ಬಾಗಲಕೋಟೆಯ ಕಡೆ ಬಂದರೆ ಮಾತು ಬೇರೆಯೇ ಆಗುತ್ತದೆ. ಅಲ್ಲಿನ ಹಳೆಯ ಊರು ಗೋಡೆಯೊಳಗಿನ ಊರು. ಅಗಸಿ ಬಾಗಿಲಿನಿಂದ ಒಳಗೆ ಕಾಲಿಟ್ಟರೆ ಮಣ್ಣಿನ ಮಾಳಿಗೆ ಮನೆಗಳು ಒಂದರ ಗೋಡೆಗೆ ಒಂದು ಅಂಟಿಕೊಂಡು ನಿಂತಿರುತ್ತವೆ. ಒಂದು ಮನೆಯ ಮಾಳಿಗೆಯಿಂದ ಮುಂದಿನ ಮನೆಯ ಮಾಳಿಗೆಗೆ ಸಲೀಸಾಗಿ ದಾಟಬಹುದು. ಬಯಲುಸೀಮೆಯ ಬಿಸಿಲಿಗೂ ದಂಡು ದಾಳಿಗಳ ಭಯಕ್ಕೂ ಈ ಕಟ್ಟಡಕ್ರಮ ಒಗ್ಗುತ್ತಿತ್ತು. ಓಣಿ ಕಿರಿದಾದಷ್ಟೂ ನೆರಳು ಹೆಚ್ಚು, ಕಾಯುವುದೂ ಸುಲಭ. ಜೋಳ ತುಂಬಿಡುವ ಹಗೇವುಗಳನ್ನು ಅನೇಕ ಊರುಗಳಲ್ಲಿ ಮನೆಯ ಮುಂದಿನ ಓಣಿಯ ನೆಲದಲ್ಲೇ ತೋಡುತ್ತಿದ್ದರು. ಕಟ್ಟೆಯ ಮೇಲೆ ಹಿರಿಯರು ಕೂಡುತ್ತಿದ್ದರು, ಹೆಂಗಸರು ಕಾಳು ಹಸನು ಮಾಡುತ್ತಿದ್ದರು, ದನ ಕಟ್ಟುತ್ತಿದ್ದರು. ಹೀಗಾಗಿ ಓಣಿ ಮನೆಯ ಹೊರಗಿನ ಕೋಣೆಯಾಯಿತು; ಓಣಿ ಎಂಬ ಮಾತು ದಾರಿಯನ್ನು ಬಿಟ್ಟು ಅಲ್ಲಿನ ಜನರನ್ನು ಹಿಡಿಯಿತು. ಉತ್ತರ ಕರ್ನಾಟಕದವರು ‘ನಮ್ಮ ಓಣ್ಯಾಗ’ ಎಂದಾಗ ಅವರ ಮನಸ್ಸಿನಲ್ಲಿ ಇರುವುದು ದಾರಿಯ ಅಗಲವಲ್ಲ, ನೆರೆಹೊರೆ. ‘ಓಣಿ ಮಂದಿ’ ಎಂದರೆ ಬಂಧುಗಳಿಗಿಂತ ಮೊದಲು ಓಡಿಬರುವವರು.

ಈ ಅರ್ಥ ಎಷ್ಟು ಗಟ್ಟಿಯಾಗಿ ನಿಂತಿದೆ ಎಂಬುದು ಹೋಳಿಯಲ್ಲಿ ಕಾಣುತ್ತದೆ. ಹುಬ್ಬಳ್ಳಿ, ಧಾರವಾಡದ ಸೀಮೆಯಲ್ಲಿ ಕಾಮಣ್ಣನನ್ನು ಕೂಡಿಸುವುದು ಓಣಿಯ ಲೆಕ್ಕದಲ್ಲಿ. ಕಟ್ಟಿಗೆ, ಕುಳ್ಳು ಕೂಡಿಹಾಕುವ ಹುಡುಗರು, ಹಲಗೆ ಬಡಿಯುವವರು, ಪಟ್ಟಿ ಎತ್ತುವ ಹಿರಿಯರು, ಎಲ್ಲರೂ ಒಂದು ಓಣಿಯ ಹೆಸರಿನಲ್ಲಿ ಕೂಡುತ್ತಾರೆ. ನವಲಗುಂದದ ಪ್ರಸಿದ್ಧ ಕಾಮಣ್ಣನಿಗೆ ರಾಮಲಿಂಗ ಕಾಮಣ್ಣ ಎಂಬ ಹೆಸರು ಬಂದದ್ದು ಅವನು ಕೂಡುವ ರಾಮಲಿಂಗ ಓಣಿಯಿಂದಲೇ. ಮದುವೆಗೆ, ಮಕ್ಕಳಿಗೆ ಹರಕೆ ಹೊತ್ತು ದೂರದೂರದಿಂದ ಬರುವ ಸಾವಿರಾರು ಜನಕ್ಕೆ ಆ ಕಿರುದಾರಿಯ ಹೆಸರು ದೇವರ ಹೆಸರಿನ ಭಾಗವಾಗಿದೆ.

ಓಣಿಗಳ ಹೆಸರುಗಳೇ ಒಂದು ದಾಖಲೆ. ಕೆಲವು ಕಸುಬಿನವು: ಕಂಬಾರ ಓಣಿ, ಬಡಿಗೇರ ಓಣಿ, ಕುಂಬಾರ ಓಣಿ. ಕೆಲವು ಅಧಿಕಾರದವು: ಗೌಡರ ಓಣಿ, ದೇಸಾಯಿ ಓಣಿ. ಹುಬ್ಬಳ್ಳಿಯಲ್ಲಿ ಬಮ್ಮಾಪುರ ಓಣಿ, ವೀರಾಪುರ ಓಣಿ, ಯಲ್ಲಾಪುರ ಓಣಿಗಳಿವೆ. ‘ಪುರ’ ಎಂದು ಮುಗಿಯುವ, ಊರಿನ ಗತ್ತಿನ ಹೆಸರುಗಳು ದೊಡ್ಡ ಪಟ್ಟಣದೊಳಗೆ ಓಣಿಗಳಾಗಿ ಕುಳಿತಿವೆ.

ಓಣಿಯ ಜೊತೆಗೆ ನಿಲ್ಲುವ ಇನ್ನೊಂದು ಹಳೆಯ ಮಾತು ಕೇರಿ. ಇದು ತಮಿಳು, ಮಲಯಾಳಂಗಳ ‘ಚೇರಿ’ಯ ಒಡಹುಟ್ಟು. ‘ಇ’, ‘ಎ’ಯಂಥ ಸ್ವರಗಳ ಮುಂದೆ ಬರುವ ಮೂಲ ‘ಕ’ಕಾರವನ್ನು ಕನ್ನಡ ಹಾಗೇ ಉಳಿಸಿಕೊಂಡಿತು, ತಮಿಳು ಅದನ್ನು ‘ಚ’ಕಾರಕ್ಕೆ ತಿರುಗಿಸಿತು, ಕನ್ನಡದ ಕಿವಿ ತಮಿಳಿನಲ್ಲಿ ಚೆವಿ ಆದ ಹಾಗೆ. ಪುದುಚ್ಚೇರಿಯ, ತಲಶ್ಶೇರಿಯ ಕೊನೆಯಲ್ಲಿರುವುದು ಇದೇ ಪದ. 1681ರಲ್ಲಿ ಮುದ್ದುರಾಜ ಕಟ್ಟಿಸಿದ ಮುದ್ದುರಾಜನ ಕೇರಿಯೇ ಮಡಿಕೇರಿ ಆಯಿತೆಂಬುದು ಕೊಡಗಿನಲ್ಲಿ ರೂಢಿಯಾದ ವಿವರಣೆ. ಕೇರಿ ಎಂದರೆ ಸಾಲುಮನೆಗಳ ಬೀದಿ, ಒಂದು ಗುಂಪಿನವರು ಕೂಡಿ ನೆಲೆಸಿದ ಜಾಗ. ಆದರೆ ಯಾವ ಗುಂಪು ಎಲ್ಲಿ ನೆಲೆಸಬೇಕೆಂಬುದನ್ನು ತೀರ್ಮಾನಿಸಿದ್ದು ಜಾತಿ. ಅಗಸಿಯ ಹೊರಗೆ, ಊರಿನ ಅಂಚಿಗೆ ತಳ್ಳಲ್ಪಟ್ಟವರ ನೆಲೆ ಹೊಲಗೇರಿ ಎನಿಸಿಕೊಂಡಿತು. ಬರಬರುತ್ತ ‘ಊರು’ ಮತ್ತು ‘ಕೇರಿ’ ಎಂಬ ಜೋಡಿಪದವೇ ಒಳಗಿನವರು, ಹೊರಗಿನವರು ಎಂಬ ಅರ್ಥ ಕೊಡತೊಡಗಿತು. ‘ಊರು–ಕೇರಿ’ ಎಂಬುದು ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆಯ ಹೆಸರು; ಆ ಎರಡು ಪದಗಳ ನಡುವಿನ ಅಂತರ ಎಷ್ಟೆಂಬುದನ್ನು ಬೇರೆ ನಿಘಂಟು ಹೇಳಬೇಕಾಗಿಲ್ಲ.

ಬೀದಿ ಸಂಸ್ಕೃತದ ‘ವೀಥಿ’ಯ ತದ್ಭವ. ಅಲ್ಲೂ ಮೂಲ ಅರ್ಥ ಸಾಲು, ಸಾಲಿನ ನಡುವಿನ ದಾರಿ. ಕನ್ನಡದಲ್ಲಿ ಅದು ಅಗಲದ ಕಡೆಗೆ ವಾಲಿತು: ತೇರು ಎಳೆಯುವಷ್ಟು ಅಗಲವಿದ್ದರೆ ರಥಬೀದಿ, ಅರಸನ ಸವಾರಿ ಹೋದರೆ ರಾಜಬೀದಿ. ಇನ್ನು ಊರೂರುಗಳ ನಡುವಿನ ದಾರಿಗೆ ಹಳಗನ್ನಡದಲ್ಲಿದ್ದ ಮಾತು ಬಟ್ಟೆ. ಶಾಸನಗಳು ದಾನದ ಹೊಲದ ಎಲ್ಲೆ ಹೇಳುವಾಗ ಹೆಬ್ಬಟ್ಟೆಯನ್ನು ಹೆಸರಿಸುತ್ತವೆ. ಆ ಜಾಗವನ್ನು ಮುಂದೆ ಫಾರಸಿಯಿಂದ ಬಂದ ರಸ್ತೆ ಆಕ್ರಮಿಸಿತು. ಓಣಿಯನ್ನು ಮಾತ್ರ ಅದಕ್ಕೆ ಮುಟ್ಟಲಾಗಲಿಲ್ಲ.

ಸಂದಿಯ ಕಥೆ ಇನ್ನೂ ಸೊಗಸು. ಸಂಸ್ಕೃತದ ‘ಸಂಧಿ’ ಎಂದರೆ ಕೂಡುವಿಕೆ. ಎರಡು ವಸ್ತುಗಳು ಕೂಡುವ ಕಡೆಯಲ್ಲೇ ಬಿರುಕೂ ಇರುತ್ತದೆ. ಕನ್ನಡದ ಕಣ್ಣು ಆ ಬಿರುಕನ್ನು ಕಂಡಿತು. ಎರಡು ಮನೆಗಳ ನಡುವೆ ಒಬ್ಬ ಮನುಷ್ಯ ಅಡ್ಡಡ್ಡ ನುಸುಳುವಷ್ಟು ಜಾಗ ಸಂದಿಯಾಯಿತು. ಗೊಂದಿಯ ಜೊತೆ ಸೇರಿ ‘ಸಂದಿಗೊಂದಿ’ ಎಂದಾಗ ಹುಡುಕುವವನ ಬೇಸರವೂ ಅದರಲ್ಲಿ ಕೇಳಿಸುತ್ತದೆ. ತೆಲುಗಿನಲ್ಲಿ ‘ಸಂದು’ ಇಂದಿಗೂ ಕಿರುಬೀದಿಗೆ ಸಹಜವಾದ ಹೆಸರು.

ಗಲ್ಲಿ ಉತ್ತರದಿಂದ ಬಂದ ಮಾತು. ಹಿಂದಿಯಲ್ಲಿ ‘ಗಲೀ’, ಮರಾಠಿಯಲ್ಲಿ ‘ಗಲ್ಲೀ’. ಬೆಳಗಾವಿಯಲ್ಲಿ ಗಣಪತಿ ಗಲ್ಲಿ, ರಾಮದೇವ ಗಲ್ಲಿ, ಮಾರುತಿ ಗಲ್ಲಿಗಳಿವೆ. ಅಲ್ಲಿಂದ ಧಾರವಾಡದ ಕಡೆ ಬರುತ್ತ ಗಲ್ಲಿ ಕಡಿಮೆಯಾಗಿ ಓಣಿ ಹೆಚ್ಚಾಗುತ್ತದೆ. ಮರಾಠಿಯೂ ಕನ್ನಡವೂ ಕೂಡಿ ಬಾಳಿದ ನೆಲದ ಗುರುತು ಇದು. ಮೂಲವನ್ನು ಹುಡುಕುವವರು ಈ ಪದವನ್ನು ಗಂಟಲು ಎಂಬ ಅರ್ಥದ ‘ಗಲ’ದ ಜೊತೆ ಹೊಂದಿಸುತ್ತಾರೆ. ಕ್ರಿಕೆಟ್ಟಿನಲ್ಲಿ ಸ್ಲಿಪ್ ಮತ್ತು ಪಾಯಿಂಟ್ ನಡುವೆ ನಿಲ್ಲುವ ಜಾಗಕ್ಕೂ ಕನ್ನಡ ಪತ್ರಿಕೆಗಳು ಗಲ್ಲಿ ಎಂದೇ ಬರೆಯುತ್ತವೆ. ಆದರೆ ಅದು ನೀರು ಕೊರೆದ ಕಂದಕ ಎಂಬ ಅರ್ಥದ ಇಂಗ್ಲಿಷ್ ಪದ, ಹುಡುಗರ ‘ಗಲ್ಲಿ ಕ್ರಿಕೆಟ್’ನಲ್ಲಿರುವುದು ನಮ್ಮ ದೇಶದ ಪದ. ಇಂಗ್ಲಿಷಿನ ಪದದ ಬೇರನ್ನೂ ಗಂಟಲು ಎಂಬ ಅರ್ಥದ ಫ್ರೆಂಚ್ ಮಾತಿನಲ್ಲಿ ಕಾಣುವುದುಂಟು. ದೂರದ ಎರಡು ಭಾಷೆಗಳಿಗೆ ಕಿರುದಾರಿ ಕಂಠದ ಹಾಗೆ ಕಂಡಿರುವುದು ಬೆರಗಿನ ಸಂಗತಿ.

ಕೊನೆಯದಾಗಿ ಬಂದದ್ದು ಕನ್ಸರ್ವೆನ್ಸಿ ಗಲ್ಲಿ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದ ಮೇಲೆ ಇಕ್ಕಟ್ಟಾದ ಹಳೆಯ ಪೇಟೆಯೇ ರೋಗದ ಮನೆ ಎಂದು ಆಡಳಿತ ಭಾವಿಸಿತು. ಆಗ ಜನ ತುಂಬಿದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಮುಂದೆ ನೇರವಾದ ಅಗಲ ರಸ್ತೆ, ಮನೆಗಳ ಬೆನ್ನಿಗೆ ಕಿರುದಾರಿ. ಒಳಚರಂಡಿ ಇಲ್ಲದ ಕಾಲದಲ್ಲಿ ಹಿತ್ತಿಲ ಪಾಯಖಾನೆಯ ಮಲವನ್ನು ತೆಗೆದುಕೊಂಡು ಹೋಗಲು ಮಾಡಿದ ದಾರಿ ಅದು. ಆ ಕೆಲಸಕ್ಕೆ ಜಾತಿಯ ಕಾರಣದಿಂದ ದೂಡಲ್ಪಟ್ಟವರು ಮುಂಬಾಗಿಲಿನಲ್ಲಿ ಕಾಣಿಸದಂತೆ ನೋಡಿಕೊಂಡದ್ದೂ ಅದೇ. ಒಳಚರಂಡಿ ಬಂದ ಮೇಲೆ ಆ ದಾರಿಗಳು ಕೆಲಸ ಕಳೆದುಕೊಂಡವು. ಕೆಲವು ಒತ್ತುವರಿಯಾದವು, ಕೆಲವು ವಾಹನ ನಿಲ್ಲಿಸುವ ಜಾಗವಾದವು. ಎರಡೂ ಬದಿ ಗೋಡೆಯಿದ್ದ, ಓಣಿಯಷ್ಟೇ ಕಿರಿದಾದ ದಾರಿಗಳು ಅವು. ಆದರೆ ಅಲ್ಲಿಗೆ ಯಾರ ಮುಂಬಾಗಿಲೂ ತೆರೆಯುತ್ತಿರಲಿಲ್ಲ, ಯಾರ ವಿಳಾಸದಲ್ಲೂ ಅವುಗಳ ಹೆಸರಿರಲಿಲ್ಲ. ಅವನ್ನು ಓಣಿ ಎಂದು ಯಾರೂ ಕರೆಯಲಿಲ್ಲ.