ಮಂತ್ರವಾದಿಯ ಪಕ್ಕದಲ್ಲಿ ಕತ್ತಿ ಹಿಡಿದವನು

ಮಂತ್ರ ಬಲ್ಲವನೂ ಕತ್ತಿ ಹಿಡಿದವನೂ ಒಂದೇ ಕಥೆಯಲ್ಲಿ ಜೊತೆಯಾದರೆ ಕಥೆ ಹೇಳುವವನಿಗೆ ಒಂದು ತೊಡಕು ಎದುರಾಗುತ್ತದೆ. ಒಬ್ಬ ತುಟಿ ಅಲುಗಿಸಿದರೆ ಬೆಂಕಿಯ ಮಳೆ. ಇನ್ನೊಬ್ಬನಿಗೆ ಇರುವುದು ತೋಳಬಲ ಮಾತ್ರ. ಹಾಗಾದರೆ ಕತ್ತಿಯವನು ಕಥೆಯಲ್ಲಿ ಯಾತಕ್ಕೆ ಬೇಕು? ಇದು ನಮ್ಮ ಪುರಾಣಗಳನ್ನೂ ಉರ್ದು ದಾಸ್ತಾನ್‌ಗಳನ್ನೂ ಕಾಡಿದ ಪ್ರಶ್ನೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಒಂದು ಆಟ ಇದನ್ನೇ ಮೇಜಿನ ಮೇಲೆ ತಂದಿಟ್ಟಿತು.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ಆ ಆಟದ ಹೆಸರು 'ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್'. ಹೇಮಾವತಿ ಹುಟ್ಟುವ ಜಾವಳಿ, ಭದ್ರೆ ಹರಿಯುವ ಕಳಸದ ಕಡೆಯವರಿಗೆ ಇದನ್ನು ತಿಳಿಸುವುದು ಸುಲಭ. ತಾಳಮದ್ದಳೆಯನ್ನು ನೆನೆದುಕೊಂಡರೆ ಸಾಕು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತಲ್ಲೇ ಒಬ್ಬ ಕರ್ಣನಾಗುತ್ತಾನೆ, ಇನ್ನೊಬ್ಬ ಕೃಷ್ಣನಾಗುತ್ತಾನೆ. ಮಾತು ಆ ಕ್ಷಣದಲ್ಲಿ ಹುಟ್ಟುತ್ತದೆ. ಪಾತ್ರವಾಗಲು ಜಾತಿ ಮತ ಅಡ್ಡಬರುವುದಿಲ್ಲ ಎಂಬುದನ್ನು ಸಂಪಾಜೆಯ ಜಬ್ಬಾರ್ ಸಮೋ ಅವರಂಥ ಅರ್ಥಧಾರಿಗಳು ತೋರಿಸಿಕೊಟ್ಟಿದ್ದಾರೆ. ಅಮೆರಿಕದ ಆಟದಲ್ಲೂ ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ವ್ಯತ್ಯಾಸವೆಂದರೆ ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿಲ್ಲ. ಒಬ್ಬ ನಿರೂಪಕ ಸನ್ನಿವೇಶ ಹೂಡುತ್ತಾನೆ. ಏಟು ತಗುಲಿತೇ ಇಲ್ಲವೇ ಎಂಬುದನ್ನು ದಾಳ ಹೇಳುತ್ತದೆ.

ಕೊನೆ ಗೊತ್ತಿಲ್ಲದ ಕಾರಣಕ್ಕೇ ತೊಡಕು ದೊಡ್ಡದಾಯಿತು. ಕಥೆಯಲ್ಲಾದರೆ ಮಂತ್ರವಾದಿಯನ್ನು ಕಥೆಗಾರ ಬೇಕೆಂದಾಗ ತಡೆಯಬಹುದು. ಆಟದಲ್ಲಿ ತಡೆಯಬೇಕಾದದ್ದು ನಿಯಮ. ಅಮೆರಿಕದ ಕಾದಂಬರಿಕಾರ ಜ್ಯಾಕ್ ವ್ಯಾನ್ಸ್ 1950ರ ತನ್ನ ಪುಸ್ತಕವೊಂದರಲ್ಲಿ, ಮಾಂತ್ರಿಕನು ಮಂತ್ರವನ್ನು ಬಾಯಿಪಾಠ ಮಾಡಿಕೊಳ್ಳಬೇಕು, ಒಮ್ಮೆ ನುಡಿದೊಡನೆ ಅದು ಮನಸ್ಸಿನಿಂದ ಅಳಿಸಿಹೋಗುತ್ತದೆ ಎಂದು ಬರೆದಿದ್ದ. ಗೈಗ್ಯಾಕ್ಸ್ ಇದನ್ನೇ ಎತ್ತಿಕೊಂಡ. ಮೊದಲ ಮೆಟ್ಟಿಲಿನ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ; ಕವಚ ತೊಡುವಂತಿಲ್ಲ, ಕಠಾರಿಯ ಹೊರತು ಆಯುಧವಿಲ್ಲ. ಯೋಧನಾದರೋ ಬೆಳಗಿನಿಂದ ಸಂಜೆಯವರೆಗೂ ಕತ್ತಿ ಬೀಸಬಲ್ಲ.

ಮರೆವನ್ನು ಮಂತ್ರಕ್ಕೆ ಕಡಿವಾಣವಾಗಿಸುವುದು ನಮಗೆ ಹೊಸತಲ್ಲ. ಕರ್ಣನ ಬ್ರಹ್ಮಾಸ್ತ್ರ ಬೇಕಾದ ಹೊತ್ತಿಗೇ ನೆನಪಾಗದಂತೆ ಪರಶುರಾಮ ಶಪಿಸಿದ. ಕವಚ ಕುಂಡಲ ಕೊಟ್ಟು ಇಂದ್ರನಿಂದ ಪಡೆದ ಶಕ್ತ್ಯಾಯುಧಕ್ಕೆ ಒಂದೇ ಪ್ರಯೋಗ. ರಾತ್ರಿಯುದ್ಧದಲ್ಲಿ ಮಾಯಾವಿ ಘಟೋತ್ಕಚನ ಮೇಲೆ ಅದು ಖರ್ಚಾಯಿತು, ಅರ್ಜುನ ಉಳಿದ. ಅಶ್ವತ್ಥಾಮನ ನಾರಾಯಣಾಸ್ತ್ರವನ್ನು ಎರಡನೆಯ ಸಲ ಹೂಡುವಂತಿಲ್ಲ. ಆಯುಧ ಕೆಳಗಿಟ್ಟವನನ್ನು ಅದು ಮುಟ್ಟುವಂತೆಯೂ ಇಲ್ಲ. ಶಾಪ, ವರ, ಷರತ್ತು ಎಂದು ನಾವು ಕರೆಯುವುದೆಲ್ಲ ಆಟದ ಭಾಷೆಯಲ್ಲಿ ನಿಯಮಗಳೇ. ಅವು ಇಲ್ಲದಿದ್ದರೆ ಹದಿನೆಂಟು ದಿನದ ಯುದ್ಧ ಒಂದು ಬೆಳಗಿನಲ್ಲಿ ಮುಗಿಯುತ್ತಿತ್ತು.

ದಖ್ಖಣದ ಮುಸ್ಲಿಂ ಅರಸರ ಆಸ್ಥಾನಗಳಲ್ಲೂ ಮಂತ್ರ ಮತ್ತು ಕತ್ತಿ ಅಕ್ಕಪಕ್ಕದಲ್ಲೇ ಇದ್ದವು. ರಕ್ಕಸತಂಗಡಿ ಕಾಳಗ ನಡೆದದ್ದು 1565ರಲ್ಲಿ. ಅದರಲ್ಲಿ ಕಾದಿದ ಬಿಜಾಪುರದ ಒಂದನೆಯ ಅಲಿ ಆದಿಲ್ ಶಾಹನ ಕಾಲದಲ್ಲೇ, 1570ರಲ್ಲಿ, 'ನುಜೂಮ್ ಅಲ್-ಉಲೂಮ್' ಎಂಬ ಸಚಿತ್ರ ಗ್ರಂಥ ಸಿದ್ಧವಾಯಿತು. ಗ್ರಹ, ತಾಯಿತ, ಅಶರೀರ ಶಕ್ತಿಗಳ ಜೊತೆಗೆ ಆಯುಧಗಳ ವಿವರವೂ ಅದರಲ್ಲಿದೆ. ಇಂದು ಅದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಆ ಅರಸನಿಗೆ ಎರಡೂ ರಾಜ್ಯವಾಳಲು ಬೇಕಾದ ವಿದ್ಯೆಗಳಾಗಿದ್ದವು.

ಆದರೆ ಈ ತೊಡಕಿಗೆ ಅತ್ಯಂತ ಚತುರ ಪರಿಹಾರ ಸಿಕ್ಕಿದ್ದು ಅಮೀರ್ ಹಂಜಾನ ದಾಸ್ತಾನ್‌ನಲ್ಲಿ. ಅಕ್ಬರ್ ಚಿತ್ರ ಬರೆಸಿದ್ದು ಇದೇ ಕಥೆಗೆ. ಲಖನೌದ ನವಲ್ ಕಿಶೋರ್ ಪ್ರೆಸ್ 1883ರಿಂದ 1893ರವರೆಗೆ ಇದರ 'ತಿಲಿಸ್ಮ್-ಎ-ಹೋಶ್‌ರುಬಾ' ಭಾಗವನ್ನು ಉರ್ದುವಿನಲ್ಲಿ ಅಚ್ಚು ಹಾಕಿತು. ಬರೆದವರು ಮುಹಮ್ಮದ್ ಹುಸೈನ್ ಜಾಹ್, ಆಮೇಲೆ ಅಹ್ಮದ್ ಹುಸೈನ್ ಕಮರ್. ಅಲ್ಲಿ ಅಫ್ರಾಸಿಯಾಬ್ ಎಂಬ ಮಾಯಾವಿ ದೊರೆಯ ಎದುರು ಶೂರರ ಕತ್ತಿ ನಡೆಯುವುದಿಲ್ಲ. ಹಂಜಾನ ಮೊಮ್ಮಗ ಅಸದ್ ಕೂಡ ಸೆರೆಯಾಗುತ್ತಾನೆ. ಆಗ ಕಣಕ್ಕಿಳಿಯುವವರು ಅಯ್ಯಾರರು. ಇವರು ಮಂತ್ರ ಕಲಿತವರಲ್ಲ, ಹೆಸರಾಂತ ಕತ್ತಿವರಸೆಗಾರರೂ ಅಲ್ಲ. ಇವರ ನಾಯಕ ಅಮರ್ ಅಯ್ಯಾರ್. ಏನು ತುಂಬಿದರೂ ತುಂಬದ ಅವನ ಜೋಳಿಗೆ 'ಜಂಬೀಲ್' ಒಂದು ಅದ್ಭುತವೇ ನಿಜ. ಆದರೆ ದಿನನಿತ್ಯದ ಕೆಲಸ ನಡೆಯುವುದು ವೇಷ ಬದಲಿಸುವುದರಿಂದ, ಹಾಡಿನಿಂದ, ಮೈಮರೆಸುವ ಪುಡಿಯಿಂದ. ಸತ್ತ ಮಾಯಾವಿಯ ಹೆಸರನ್ನು ಕತ್ತಲಲ್ಲಿ ಧ್ವನಿಯೊಂದು ಕೂಗಿ ಹೇಳಿದಾಗ ಕೇಳುಗರಿಗೆ ನಗು ತಡೆಯುವುದಿಲ್ಲ: ಅಷ್ಟು ದೊಡ್ಡ ವಿದ್ಯೆ ಒಂದು ಚಿಟಿಕೆ ಪುಡಿಗೆ ಉರುಳಿತಲ್ಲ!

ಅಮೆರಿಕದ ಆಟ ಇಂಥ ಹದ ಹುಡುಕುತ್ತಾ ಬಹಳ ಸುತ್ತಿತು. ಮಾಂತ್ರಿಕ ಮೆಟ್ಟಿಲು ಏರಿದಂತೆ ಮಂತ್ರಗಳೂ ಅವುಗಳ ಬಲವೂ ಒಟ್ಟಿಗೆ ಹೆಚ್ಚುತ್ತವೆ. ಯೋಧ ಒಂದೊಂದೇ ಹೆಜ್ಜೆ ಬೆಳೆಯುತ್ತಾನೆ. 2000ದ ಆವೃತ್ತಿಯಲ್ಲಿ ಮಾಂತ್ರಿಕನ ಹಳೆಯ ಕಡಿವಾಣಗಳು ಸಡಿಲಗೊಂಡು ಅಂತರ ಇನ್ನೂ ಹಿಗ್ಗಿತು. 2008ರಲ್ಲಿ ಎಲ್ಲರ ಶಕ್ತಿಗಳನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದರು. ಲೆಕ್ಕ ಸರಿಹೋಯಿತು, ಆದರೆ ಯೋಧನೂ ಮಾಂತ್ರಿಕನೂ ಒಂದೇ ಥರ ಕಾಣುತ್ತಾರೆಂದು ಬಹಳ ಆಟಗಾರರು ಗೊಣಗಿದರು. 2014ರ ಆವೃತ್ತಿ ಮತ್ತೆ ಹಳೆಯ ದಾರಿಯತ್ತ ಹೊರಳಿತು.

ಇದು ಬರೀ ಲೆಕ್ಕದ ಮಾತಲ್ಲ. ಯೋಧನ ಪಾತ್ರ ಹಿಡಿದು ಕುಳಿತವನು ಒಬ್ಬ ಜೀವಂತ ಮನುಷ್ಯ. ಎಲ್ಲ ಬಾಗಿಲನ್ನೂ ಮಂತ್ರವೇ ತೆರೆದರೆ ಅವನು ರಾತ್ರಿಯಿಡೀ ಬೇರೆಯವರ ಗೆಲುವಿಗೆ ತಲೆದೂಗುತ್ತಾ ಕೂರಬೇಕು. ಅವನಿಗೆ ಬೇಕಾದದ್ದು ಸಮಬಲವಲ್ಲ. ತಾನಿಲ್ಲದೆ ಮುಂದೆ ಸಾಗದ ಒಂದು ಗಳಿಗೆ. ಕಥೆ ಕೇಳಲು ಕುಳಿತವರಲ್ಲಿ ಮಂತ್ರ ಬಲ್ಲವರು ಯಾರೂ ಇಲ್ಲ, ಎರಡು ಕೈ ಮತ್ತು ತುಸು ಬುದ್ಧಿಯಿಂದ ಬದುಕುವವರೇ ಎಲ್ಲ ಎಂಬುದು ದಾಸ್ತಾನ್‌ಗೋಗಳಿಗೆ ಗೊತ್ತಿತ್ತು. ಅದಕ್ಕೇ ಅವರು ಆ ಗಳಿಗೆಯನ್ನು ಅಮರ್ ಅಯ್ಯಾರನಿಗೆ ಕೊಟ್ಟರು.